ಜಿಟಿ 610 ಕಾರ್ಡಿಗೆ 390 ಡ್ರೈವರ್: ಕಾರಟಗಿಯ ರೈಸ್‌ಮಿಲ್ ಆಫೀಸಿನ ಹಳೆ ಪಿಸಿ

ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಮೇಲೆ ಜಿಟಿ 610 ಎಂದು ಬರೆದಿದ್ದರೆ, 600ರ ಸಾಲು ತಾನೇ, ಉಳಿದ ಕಾರ್ಡುಗಳಂತೆ ಲಿನಕ್ಸ್‌ನಲ್ಲಿ ಇದಕ್ಕೂ 470 ಡ್ರೈವರ್ ಹಾಕಿದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಅದು ನಡೆಯುವುದಿಲ್ಲ. 2012ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರ್ಡಿನೊಳಗೆ ಇರುವುದು ಜಿಎಫ್119 ಚಿಪ್. 2011ರ ಜಿಟಿ 520ಕ್ಕೇ ಹೊಸ ಹೆಸರಿಟ್ಟು ಮಾರಿದ್ದು. ಚಿಪ್ ಫರ್ಮಿ ಪೀಳಿಗೆಯದು, 470 ಡ್ರೈವರ್ ಅದರ ನಂತರ ಬಂದ ಕೆಪ್ಲರ್ ಪೀಳಿಗೆಯಿಂದ ಮುಂದಿನವಕ್ಕೆ. ಬಲವಂತವಾಗಿ ಹಾಕಿದರೆ ಅದು ಕಾರ್ಡನ್ನು ಮುಟ್ಟುವುದಿಲ್ಲ. ಲಿನಕ್ಸ್ ತನ್ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ ‘ಈ ಕಾರ್ಡಿಗೆ 390 ಲೆಗಸಿ ಡ್ರೈವರ್ ಬೇಕು, ನಾನು ಇದನ್ನು ಕೈಬಿಡುತ್ತಿದ್ದೇನೆ’ ಎಂಬರ್ಥದ ಸಾಲು ಬರೆದು ಸುಮ್ಮನಾಗುತ್ತದೆ. ಆ ಸಾಲು ಓದದವರು ಕಪ್ಪು ಪರದೆ ನೋಡಿ ಕಾರ್ಡೇ ಸತ್ತಿದೆ ಎಂದು ಗುಜರಿಗೆ ಹಾಕುತ್ತಾರೆ.

ನಾವು ಕೆಲಸ ಮಾಡಿದ ಪಿಸಿ ಕಾರಟಗಿಯ ಒಂದು ರೈಸ್‌ಮಿಲ್ ಆಫೀಸಿನದು. ಕೋರ್ 2 ಡ್ಯುಯೊ ಇ7500, ಜಿ41 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಆಮೇಲೆ ಸೇರಿಸಿದ 120 ಜಿಬಿ ಎಸ್‌ಎಸ್‌ಡಿ, ಮತ್ತು ಈ ಕಾರ್ಡು. ಮಾನಿಟರ್ ಎರಡು: ಒಂದರಲ್ಲಿ ಆವಕ-ಜಾವಕದ ಲೆಕ್ಕ, ಇನ್ನೊಂದರಲ್ಲಿ ವೇಬ್ರಿಡ್ಜ್ ಮತ್ತು ಗೋದಾಮಿನ ಕ್ಯಾಮೆರಾ. ಲಿನಕ್ಸ್ ಆಗಲೇ ಇತ್ತು. ಗುಮಾಸ್ತರ ದೂರು ಒಂದೇ: ‘ಕ್ಯಾಮೆರಾ ಹಚ್ಚಿದ್ರ ಮೌಸೂ ಅಳ್ಳಾಡಂಗಿಲ್ರಿ ಸರ.’

ಪ್ರೊಸೆಸರ್ ಮೇಲಿನ ಭಾರ ತೋರಿಸುವ ಟಾಪ್ ಓಡಿಸಿ ನೋಡಿದರೆ ಎರಡೂ ಕೋರ್‌ಗಳು ಪೂರ್ತಿ ತುಂಬಿದ್ದವು. ವಿಡಿಯೊ ಬಿಡಿಸುವ (ಡಿಕೋಡ್ ಮಾಡುವ) ಕೆಲಸವೆಲ್ಲ ಪ್ರೊಸೆಸರ್ ಮೇಲೆಯೇ ಬಿದ್ದಿತ್ತು. ಎಲ್‌ಎಸ್‌ಪಿಸಿಐ -ಕೆ ಕೊಟ್ಟಾಗ ಬಳಕೆಯಲ್ಲಿದ್ದ ಡ್ರೈವರ್ ನೂವೊ, ಎನ್ವಿಡಿಯಾ ಕಾರ್ಡುಗಳಿಗಿರುವ ಮುಕ್ತ ಡ್ರೈವರ್. ನೂವೊ ಕೆಟ್ಟದ್ದೇನಲ್ಲ; ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಬರುತ್ತದೆ, ಕಟ್ಟುವ ಗೋಜಿಲ್ಲ. ಬರೀ ಬರಹ, ಬ್ರೌಸಿಂಗ್, ಲೆಕ್ಕಪತ್ರ ಇದ್ದರೆ ಅದನ್ನೇ ಬಿಟ್ಟುಬಿಡಿ ಎಂದೇ ನಾವು ಹೇಳುತ್ತೇವೆ. ಫರ್ಮಿ ಚಿಪ್‌ಗಳಲ್ಲಿ ಮಾತ್ರ ಅದಕ್ಕೊಂದು ಕೊರತೆಯಿದೆ: ಪವರ್ ಕೊಟ್ಟಾಗ ಕಾರ್ಡಿನ ಬಯೋಸ್ ಯಾವ ವೇಗ ಇಟ್ಟಿತೋ ಅದೇ ವೇಗದಲ್ಲಿ ಕಾರ್ಡು ಉಳಿಯುತ್ತದೆ, ಮೇಲಕ್ಕೆ ಏರಿಸಲು ದಾರಿಯಿಲ್ಲ. ವಿಡಿಯೊ ಬಿಡಿಸುವ ಘಟಕ ಬಳಸಲು ಬೇಕಾದ ಫರ್ಮ್‌ವೇರ್ ಕೂಡ ಅದರ ಜೊತೆ ಬರುವುದಿಲ್ಲ. ಕ್ಯಾಮೆರಾ ನೋಡುವುದೇ ಮುಖ್ಯ ಕೆಲಸವಾದ ಯಂತ್ರಕ್ಕೆ ಎನ್ವಿಡಿಯಾದ ಸ್ವಂತ ಡ್ರೈವರ್ ಬೇಕೇ ಬೇಕಾಗಿತ್ತು.

ಚಿಪ್ ನೋಡಿ ಡ್ರೈವರ್, ಡ್ರೈವರ್ ನೋಡಿ ಕರ್ನಲ್, ಕರ್ನಲ್ ನೋಡಿ ಡಿಸ್ಟ್ರೊ (ಉಬುಂಟು, ಮಿಂಟ್‌ನಂಥ ಲಿನಕ್ಸ್ ಕಟ್ಟು). ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಈ ಕ್ರಮದ ಮೇಲೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ಎಲ್ಲಕ್ಕಿಂತ ಹೊಸ ಡಿಸ್ಟ್ರೊ ಮೊದಲು ಹಾಕಿ, ಆಮೇಲೆ ಅದರಲ್ಲಿ ಹಳೆ ಡ್ರೈವರ್ ಕೂರಿಸಲು ಒದ್ದಾಡುತ್ತಾರೆ.

ಚಿಪ್ ತಿಳಿಯಲು ಕಾರ್ಡಿನ ಡಬ್ಬಿ, ಸ್ಟಿಕ್ಕರ್ ಯಾವುದನ್ನೂ ನಂಬಬೇಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ -ಎನ್‌ಎನ್ ಕೊಟ್ಟು ವಿಜಿಎ ಎಂದಿರುವ ಸಾಲು ಹುಡುಕಿ. ಈ ಕಾರ್ಡಿಗೆ ಜಿಎಫ್119 ಎಂಬ ಹೆಸರೂ ಚೌಕ ಆವರಣದಲ್ಲಿ 10ಡಿಇ:104ಎ ಎಂಬ ಗುರುತೂ ಬಂತು. 10ಡಿಇ ಎಂದರೆ ಎನ್ವಿಡಿಯಾ, ಉಳಿದದ್ದು ಆ ಕಾರ್ಡಿನ ಸ್ವಂತ ಸಂಖ್ಯೆ. ಹೆಸರು ‘ಜಿಎಫ್’ ಎಂದು ಶುರುವಾದರೆ ಫರ್ಮಿ, 390 ಡ್ರೈವರ್. ‘ಜಿಕೆ’ ಎಂದಿದ್ದರೆ ಕೆಪ್ಲರ್, 470. ‘ಜಿಟಿ2’ ಅಥವಾ ‘ಜಿ8’, ‘ಜಿ9’ ಎಂದಿದ್ದರೆ ಅದು 8, 9, 200, 300 ಸರಣಿಯ ಟೆಸ್ಲಾ ಪೀಳಿಗೆ, 340 ಡ್ರೈವರ್. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಜಿಟಿ 730. ಒಂದೇ ಹೆಸರಿನಲ್ಲಿ ಎರಡು ಪೀಳಿಗೆಯ ಚಿಪ್ ಮಾರಾಟವಾಗಿದೆ: 96 ಕೋರ್, 128 ಬಿಟ್ ಮೆಮೊರಿಯದು ಜಿಎಫ್108, ಅಂದರೆ ಫರ್ಮಿ, 384 ಕೋರ್, 64 ಬಿಟ್‌ನದು ಜಿಕೆ208, ಕೆಪ್ಲರ್. ಪಕ್ಕಪಕ್ಕದ ಎರಡು ಪಿಸಿಗಳಲ್ಲಿ ಅದೇ ಹೆಸರಿನ ಕಾರ್ಡುಗಳಿದ್ದರೂ ಡ್ರೈವರ್ ಬೇರೆ ಬೇರೆ ಆಗಬಹುದು.

ಹಳೆ ಡ್ರೈವರ್ ಹೊಸ ಕರ್ನಲ್‌ನಲ್ಲಿ ಏಕೆ ಕೂರುವುದಿಲ್ಲ ಎಂಬುದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಉಳಿದದ್ದು ಸುಲಭ. ಎನ್ವಿಡಿಯಾ ಡ್ರೈವರಿನ ಹೃದಯಭಾಗ ಕಂಪನಿಯೇ ಕಂಪೈಲ್ ಮಾಡಿ ಕೊಟ್ಟ ಮುಚ್ಚಿದ ಗಂಟು. ಅದಕ್ಕೂ ಕರ್ನಲ್‌ಗೂ ನಡುವೆ ಸಂಪರ್ಕ ಕೊಡುವ ತೆಳು ಪದರದ ಸೋರ್ಸ್ ಮಾತ್ರ ತೆರೆದಿರುತ್ತದೆ. ನಿಮ್ಮ ಯಂತ್ರದ ಕರ್ನಲ್ ಹೆಡರ್‌ಗಳನ್ನು (ಕರ್ನಲ್‌ನ ಒಳಗಿನ ಕಾರ್ಯಗಳ ವಿವರವಿರುವ ಕಡತಗಳು) ಇಟ್ಟುಕೊಂಡು ಆ ಪದರವನ್ನು ಅಲ್ಲೇ ಕಟ್ಟಬೇಕು. ಆ ಕೆಲಸ ಮಾಡುವುದು ಡಿಕೆಎಂಎಸ್. ಕರ್ನಲ್ ಬರೆಯುವವರು ಒಳಗಿನ ಕಾರ್ಯಗಳ ಹೆಸರು, ರೂಪ ಬದಲಿಸುತ್ತಲೇ ಇರುತ್ತಾರೆ, ಹೀಗೆ ಹೊರಗಿನಿಂದ ಬಂದು ಕರ್ನಲ್‌ಗೆ ಸೇರುವ ತುಂಡುಗಳಿಗಾಗಿ, ಅಂದರೆ ಮಾಡ್ಯೂಲ್‌ಗಳಿಗಾಗಿ, ಕಾಯುವುದಿಲ್ಲ. ಕರ್ನಲ್ 5.6ರಲ್ಲಿ ಐಒರೀಮ್ಯಾಪ್_ನೊಕ್ಯಾಶ್ ಎಂಬ ಕಾರ್ಯವನ್ನು ಕಿತ್ತುಹಾಕಿದರು. 5.8ರಲ್ಲಿ ಎಂಮ್ಯಾಪ್_ಸೆಮ್ ಹೋಗಿ ಎಂಮ್ಯಾಪ್_ಲಾಕ್ ಆಯಿತು. 6.3ರಲ್ಲಿ ವಿಎಂ_ಫ್ಲ್ಯಾಗ್ಸ್ ಅನ್ನು ನೇರವಾಗಿ ಬದಲಿಸುವಂತಿಲ್ಲ ಎಂದಾಯಿತು. 340ರ ಕೊನೆಯ ಆವೃತ್ತಿ 340.108 ಬಂದದ್ದು 2019ರ ಡಿಸೆಂಬರ್‌ನಲ್ಲಿ, ಹಾಗಾಗಿ 5.6ರ ಬಾಗಿಲಲ್ಲೇ ಅದು ನಿಂತುಬಿಡುತ್ತದೆ. 390ರ ಕೊನೆಯದು 390.157, 2022ರ ನವೆಂಬರ್‌ನದು, ಅದಕ್ಕೆ 6.3 ಮತ್ತು ಆಮೇಲಿನವು ಗೊತ್ತಿಲ್ಲ. ಬೇರೆಯವರು ಬರೆದ ಪ್ಯಾಚ್ (ಸೋರ್ಸ್‌ನ ತಿದ್ದುಪಡಿ) ಹಚ್ಚಿ ಮುಂದೆ ತಳ್ಳಬಹುದು, ಆದರೆ ಪ್ರತಿ ಹೊಸ ಕರ್ನಲ್‌ಗೂ ಹೊಸ ಪ್ಯಾಚ್ ಹುಡುಕಬೇಕು. ದಿನವೂ ಲಾರಿ ತೂಕ ಹಾಕುವ ಕಡೆ ಅಂಥ ಯಂತ್ರ ಬಿಟ್ಟು ಬರುವುದು ಸರಿಯಲ್ಲ.

ಈ ಲೆಕ್ಕದಲ್ಲಿ 390.157ಕ್ಕೆ ನೆಮ್ಮದಿಯ ಜೋಡಿ 5.15 ಕರ್ನಲ್. ಅದನ್ನು ಮೂಲ ಕರ್ನಲ್ ಆಗಿ ಇಟ್ಟುಕೊಂಡದ್ದು ಉಬುಂಟು 22.04. ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 21.3ಕ್ಕೆ 2027ರ ಏಪ್ರಿಲ್‌ವರೆಗೆ ಬೆಂಬಲವಿದೆ, 390 ಡ್ರೈವರ್ ಅದರ ಭಂಡಾರದಲ್ಲೇ ಸಿಗುತ್ತದೆ. 4 ಜಿಬಿ ರ‍್ಯಾಮ್‌ಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ ಸಾಕು. ಅದು ಪರದೆಗೆ ಚಿತ್ರ ಕೊಡುವ ಹಳೆ ವ್ಯವಸ್ಥೆಯಾದ ಎಕ್ಸ್11 ಮೇಲೆ ಓಡುತ್ತದೆ ಎಂಬುದೂ ಇಲ್ಲಿ ಮುಖ್ಯ, ಏಕೆಂದರೆ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಬೇಕಾದ ಜಿಬಿಎಂ ಸೌಲಭ್ಯ ಎನ್ವಿಡಿಯಾದಲ್ಲಿ ಬಂದದ್ದೇ 495ರಿಂದ. ಮಿಂಟ್‌ನ ‘ಎಡ್ಜ್’ ಐಎಸ್‌ಒ ಇಳಿಸಿಕೊಳ್ಳಬೇಡಿ, ಅದರಲ್ಲಿ 6.5 ಕರ್ನಲ್ ಇದೆ. ಮಿಂಟ್ 22ರಲ್ಲಿ 6.8ರಿಂದಲೇ ಶುರು. ಇ7500ರಂಥ ಪ್ರೊಸೆಸರ್‌ಗೆ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಇಲ್ಲದ ಕಾರಣ ರೆಡ್ ಹ್ಯಾಟ್‌ನ ಆರ್‌ಎಚ್‌ಇಎಲ್ 9 ಕುಟುಂಬದ ಡಿಸ್ಟ್ರೊಗಳು ಓಡುವುದೇ ಇಲ್ಲ.

ಸಾಫ್ಟ್‌ವೇರ್ ಮುಟ್ಟುವ ಮೊದಲು ಡಬ್ಬಿ ಬಿಚ್ಚಬೇಕು. ತುಂಗಭದ್ರಾ ಎಡದಂಡೆಯ ಈ ಪಟ್ಟಿಯಲ್ಲಿ, ಗಂಗಾವತಿಯಿಂದ ಸಿಂಧನೂರಿನವರೆಗೆ, ಮಿಲ್ ಇರುವ ಕಡೆಯೆಲ್ಲ ತೌಡಿನ ಧೂಳು. ಇದು ರಸ್ತೆ ಧೂಳಿನಂತಲ್ಲ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಅಂಟಿ ಗಟ್ಟಿಯಾಗುತ್ತದೆ, ಬ್ಲೋವರ್ ಗಾಳಿಗೆ ಏಳುವುದಿಲ್ಲ. ಫ್ಯಾನ್ ಬಿಚ್ಚಿ, ಒಣ ಬ್ರಷ್ಷಿನಿಂದ ಕೆರೆದು, ಉಳಿದದ್ದನ್ನು ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದೆವು. ಬ್ಲೋವರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದಿರಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹೋಗುತ್ತದೆ. ಒಣಗಿ ಪುಡಿಯಾದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಾಕಿ. ಸ್ಲಾಟಿಗೆ ಕೂರುವ ಬಂಗಾರ ಬಣ್ಣದ ಅಂಚನ್ನೂ ಅದೇ ಆಲ್ಕೊಹಾಲಿನಿಂದ ಒರೆಸಿ. ಈ ಕಾರ್ಡು ಎಳೆಯುವುದು 29 ವಾಟ್ ಮಾತ್ರ, ಬೇರೆ ಪವರ್ ವೈರ್ ಬೇಡ, ಸ್ಲಾಟೇ ಸಾಕು.

ಮದರ್‌ಬೋರ್ಡಿನ ಸಿಆರ್2032 ಸೆಲ್ ಕೂಡ ಬದಲಿಸಿ. ಇಷ್ಟು ಹಳೆಯ ಬೋರ್ಡಿನಲ್ಲಿ ಅದು ಸತ್ತಿರುವುದೇ ಹೆಚ್ಚು, ಮತ್ತು ಅದರಿಂದ ಆಗುವ ತೊಂದರೆ ಡ್ರೈವರ್ ತೊಂದರೆಯಂತೆ ಕಾಣುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ. ಪ್ಯಾಕೇಜು ಇಳಿಸುವ ಆಪ್ಟ್‌ಗೆ ಆಪ್ಟ್ ಅಪ್‌ಡೇಟ್ ಕೊಟ್ಟರೆ ‘ರಿಲೀಸ್ ಕಡತದ ಕಾಲ ಇನ್ನೂ ಬಂದಿಲ್ಲ’ ಎಂಬ ದೂರು ಬಂದು ಪ್ಯಾಕೇಜು ಇಳಿಯುವುದೇ ಇಲ್ಲ. ಜೊತೆಗೆ ಬಯೋಸ್‌ನ ‘ಇನಿಟ್ ಡಿಸ್‌ಪ್ಲೇ ಫಸ್ಟ್’ ಆಯ್ಕೆಯೂ ಅಳಿಸಿಹೋಗಿ, ಚಿತ್ರ ಬೋರ್ಡಿನ ಸ್ವಂತ ವಿಜಿಎ ಕಡೆ ತಿರುಗಬಹುದು. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ, ಆ ಆಯ್ಕೆಯನ್ನು ಪಿಸಿಐ ಎಕ್ಸ್‌ಪ್ರೆಸ್‌ಗೆ ಇಟ್ಟೆವು. ಇದೇ ಹೊತ್ತಿಗೆ ಬಯೋಸ್ ಪರದೆಯನ್ನೊಮ್ಮೆ ಗಮನಿಸಿ. ಅಲ್ಲೇ ಬಣ್ಣದ ಗೆರೆ, ಚುಕ್ಕಿ ಕಂಡರೆ ಯಾವ ಡ್ರೈವರೂ ಸರಿಮಾಡದು. ಕಾರ್ಡಿನ ಮೆಮೊರಿಯೋ ಪವರ್ ಸಪ್ಲೈಯೋ ಕೆಟ್ಟಿದೆ.

ಮಿಂಟ್ ಪೆನ್‌ಡ್ರೈವ್‌ನಿಂದ ಎಬ್ಬಿಸುವಾಗ ಪರದೆ ಕಪ್ಪಾಗಿ ನಿಂತರೆ ಮೆನುವಿನ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಇನ್‌ಸ್ಟಾಲ್ ಆದ ಮೇಲಿನ ಮೊದಲ ಬೂಟ್‌ನಲ್ಲಿ ಹಾಗಾದರೆ ಶಿಫ್ಟ್ ಒತ್ತಿ ಹಿಡಿದು ಗ್ರಬ್ (ಬೂಟ್ ಆಯ್ಕೆಯ) ಮೆನು ತರಿಸಿ, ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೊಮೋಡ್‌ಸೆಟ್ ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಬೂಟ್‌ಗೆ ಮಾತ್ರ. ಗ್ರಬ್ ಕಡತದಲ್ಲಿ ಶಾಶ್ವತವಾಗಿ ಬರೆದಿಡುವ ಅಗತ್ಯವಿಲ್ಲ.

ಹಿಂದೆ ಯಾರಾದರೂ ಎನ್ವಿಡಿಯಾದ ರನ್ ಕಡತ ಇಳಿಸಿ ಓಡಿಸಿದ ಯಂತ್ರವಾದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಒಳ್ಳೆಯದು. ಆ ಕಡತ ಆಪ್ಟ್‌ಗೆ ತಿಳಿಸದೆ ಲೈಬ್ರರಿಗಳನ್ನು ಬದಲಿಸುತ್ತದೆ, ಎಕ್ಸ್‌ಆರ್ಗ್.ಕಾನ್ಫ್ ಎಂಬ ಪರದೆ ಸೆಟ್ಟಿಂಗ್ ಕಡತ ಬರೆದಿಡುತ್ತದೆ, ಆಮೇಲೆ ಭಂಡಾರದ ಡ್ರೈವರ್ ಹಾಕಿದರೆ ಎರಡೂ ಕಿತ್ತಾಡುತ್ತವೆ.

ಇನ್ನು ಡ್ರೈವರ್. ಮೊಬೈಲ್ ಅನ್ನು ಯುಎಸ್‌ಬಿ ಟೆದರಿಂಗ್‌ನಲ್ಲಿ ಕೊಟ್ಟು ಸುಡೊ ಆಪ್ಟ್ ಅಪ್‌ಡೇಟ್ ಮಾಡಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟೆವು. ಆಮೇಲೆ ಲಿನಕ್ಸ್-ಹೆಡರ್ಸ್-ಜೆನೆರಿಕ್ ಇದೆಯೇ ನೋಡಿ, ಸುಡೊ ಆಪ್ಟ್ ಇನ್‌ಸ್ಟಾಲ್ ಎನ್ವಿಡಿಯಾ-ಡ್ರೈವರ್-390. ಮೌಸ್‌ನಲ್ಲಿ ಮಾಡುವವರಿಗೆ ಡ್ರೈವರ್ ಮ್ಯಾನೇಜರ್ ಇದೇ ಪ್ಯಾಕೇಜನ್ನು ತೋರಿಸುತ್ತದೆ. ಟರ್ಮಿನಲ್ಲೇ ನಮಗೆ ಇಷ್ಟ, ಏಕೆಂದರೆ ಕಟ್ಟುವಾಗ ಬರುವ ತಪ್ಪು ಕಣ್ಣಿಗೆ ಬೀಳುತ್ತದೆ. ಕೋರ್ 2 ಡ್ಯುಯೊದಲ್ಲಿ ಡಿಕೆಎಂಎಸ್ ಮಾಡ್ಯೂಲ್ ಕಟ್ಟುವುದು ನಿಧಾನ, ಪರದೆ ನಿಂತಂತೆ ಕಾಣುತ್ತದೆ. ಮುಚ್ಚಬೇಡಿ, ಆಫ್ ಮಾಡಬೇಡಿ. ನೂವೊವನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಕಡತವನ್ನು ಪ್ಯಾಕೇಜೇ ಬರೆಯುತ್ತದೆ, ಕೈಯಿಂದ ಬರೆಯಬೇಕಿಲ್ಲ.

ರೀಬೂಟ್ ಮಾಡುವ ಮೊದಲು ಡಿಕೆಎಂಎಸ್ ಸ್ಟೇಟಸ್ ನೋಡಲೇಬೇಕು. ‘ಎನ್ವಿಡಿಯಾ/390.157’, ಅದರ ಮುಂದೆ ನಿಮ್ಮ 5.15 ಕರ್ನಲ್‌ನ ಪೂರ್ತಿ ಸಂಖ್ಯೆ, ಕೊನೆಗೆ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಯೂನೇಮ್ -ಆರ್ ಕೊಟ್ಟಾಗ ಬರುವ ಸಂಖ್ಯೆಯೂ ಅದೇ ಆಗಿರಬೇಕು. ಬರೀ ‘ಆ್ಯಡೆಡ್’ ಎಂದಿದ್ದರೆ ಸೋರ್ಸ್ ಬಂದಿದೆ, ಮಾಡ್ಯೂಲ್ ಕಟ್ಟಿಲ್ಲ. ಕಾರಣ /ವರ್/ಲಿಬ್/ಡಿಕೆಎಂಎಸ್/ಎನ್ವಿಡಿಯಾ/390.157/ಬಿಲ್ಡ್ ಒಳಗಿನ ಮೇಕ್.ಲಾಗ್‌ನಲ್ಲಿರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ, ‘ಎರರ್’ ಎಂದಿರುವ ಸಾಲುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಿರಿ. ಕೆಳಗಿನವೆಲ್ಲ ಅದರ ಬಾಲ. ಹೆಡರ್ ಇಲ್ಲ ಎಂದರೆ ಹೆಡರ್ ಹಾಕಿ. ಜಿಸಿಸಿ-12 ಎಂಬ ಕಂಪೈಲರ್ ಸಿಗಲಿಲ್ಲ ಎಂದರೆ ಯಂತ್ರ ನಿಮಗೆ ತಿಳಿಯದಂತೆ 6ರ ಸಾಲಿನ ಕರ್ನಲ್‌ಗೆ ಹೋಗಿದೆ ಎಂದರ್ಥ. ಆಗ ಜಿಸಿಸಿ-12 ಹಾಕಿಕೊಂಡು ಕಟ್ಟಲು ಹೋಗಬೇಡಿ, ಮತ್ತೆ 5.15ಕ್ಕೆ ಬನ್ನಿ.

ಕಟ್ಟುವ ನಡುವೆ ಕರೆಂಟ್ ಹೋಗುವುದು ನಮ್ಮ ಕಡೆ ಅಪರೂಪವಲ್ಲ. ಹಾಗಾದರೆ ಪ್ಯಾಕೇಜು ಅರ್ಧಕ್ಕೇ ನಿಲ್ಲುತ್ತದೆ, ಯಂತ್ರ ಎದ್ದರೆ ಕರಿ ಪರದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯ ಪರದೆಗೆ ಹೋಗಿ ಲಾಗಿನ್ ಆಗಿ. ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ, ಆಮೇಲೆ ಸುಡೊ ಆಪ್ಟ್ -ಎಫ್ ಇನ್‌ಸ್ಟಾಲ್, ಸುಡೊ ಡಿಕೆಎಂಎಸ್ ಆಟೊಇನ್‌ಸ್ಟಾಲ್, ಕೊನೆಗೆ ಸುಡೊ ಅಪ್‌ಡೇಟ್-ಇನಿಟ್ರಾಮ್‌ಎಫ್‌ಎಸ್ -ಯು. ಇದೇ ಕ್ರಮದಲ್ಲಿ. ಯುಪಿಎಸ್ ಇಲ್ಲದ ಆಫೀಸಿನಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಕ್ಷೇಮ.

ಜಿ41 ಬೋರ್ಡಿನಲ್ಲಿ ಸೆಕ್ಯೂರ್ ಬೂಟ್ ಇಲ್ಲ. ಯುಇಎಫ್‌ಐ ಇರುವ ಸ್ವಲ್ಪ ಹೊಸ ಬೋರ್ಡುಗಳಲ್ಲಿ ಅದು ಚಾಲ್ತಿಯಿದ್ದರೆ, ಮಾಡ್ಯೂಲ್ ಸರಿಯಾಗಿ ಕಟ್ಟಿದ್ದರೂ ಸಹಿ ಇಲ್ಲವೆಂದು ಕರ್ನಲ್ ಒಳಗೆ ಬಿಡುವುದಿಲ್ಲ. ಇನ್‌ಸ್ಟಾಲ್ ಹೊತ್ತಿಗೆ ಕೇಳುವ ಪಾಸ್‌ವರ್ಡ್ ಕೊಟ್ಟು, ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಬೇಡವಾದರೆ ಬಯೋಸ್‌ನಲ್ಲೇ ಸೆಕ್ಯೂರ್ ಬೂಟ್ ಆಫ್ ಮಾಡಿ.

ಡೆಸ್ಕ್‌ಟಾಪ್ ಕಂಡಿತು ಎಂದ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಮೆಸಾ-ಯುಟಿಲ್ಸ್ ಹಾಕಿ ಜಿಎಲ್‌ಎಕ್ಸ್‌ಇನ್ಫೊ -ಬಿ ಕೊಡಿ. ರೆಂಡರರ್ ಸಾಲಿನಲ್ಲಿ ಜಿಫೋರ್ಸ್ ಜಿಟಿ 610 ಎಂದು ಬರಬೇಕು. ಎಲ್‌ಎಲ್‌ವಿಎಂಪೈಪ್ ಎಂದು ಬಂದರೆ ಚಿತ್ರವನ್ನೆಲ್ಲ ಪ್ರೊಸೆಸರ್ರೇ ಬಿಡಿಸುತ್ತಿದೆ, ಡ್ರೈವರ್ ಕೂತಿಲ್ಲ. ಎನ್ವಿಡಿಯಾ-ಎಸ್‌ಎಂಐ ಈ ಕಾರ್ಡಿಗೆ ಹಲವು ಅಂಕಣಗಳಲ್ಲಿ ‘ಲಭ್ಯವಿಲ್ಲ’ ಎನ್ನುತ್ತದೆ, ಅದರಲ್ಲಿ ದೋಷವೇನಿಲ್ಲ. ಉಷ್ಣಾಂಶ ಮಾತ್ರ ತೋರಿಸುತ್ತದೆ, ಬೇಸಿಗೆಯಲ್ಲಿ ಅದೇ ಬೇಕಾದದ್ದು.

ಒಂದು ಮಾನಿಟರ್ 1024×768ರ ಮೇಲೆ ಹೋಗಲೊಲ್ಲದು ಎಂದಾದರೆ ಡ್ರೈವರನ್ನು ಬೈಯುವ ಮೊದಲು ವಿಜಿಎ ಕೇಬಲ್ ನೋಡಿ. ಮಾನಿಟರ್ ತನ್ನ ಅಳತೆಯನ್ನು ಕಾರ್ಡಿಗೆ ತಿಳಿಸುವುದು 12 ಮತ್ತು 15ನೇ ಪಿನ್ ಮೂಲಕ. ಅಗ್ಗದ ಉದ್ದ ಕೇಬಲ್‌ಗಳಲ್ಲಿ ಆ ತಂತಿಗಳೇ ಇರುವುದಿಲ್ಲ. 9ನೇ ಪಿನ್ ಇಲ್ಲದಿರುವುದು ಸಾಮಾನ್ಯ, ಅದರ ಚಿಂತೆ ಬೇಡ. ಕೇಬಲ್ ಬದಲಿಸುವ ಬದಲು ಎಕ್ಸ್‌ಆರ್ಗ್.ಕಾನ್ಫ್‌ನಲ್ಲಿ ಸಾಲುಗಳನ್ನು ಬರೆಯುತ್ತ ಕೂರುವುದು ವ್ಯರ್ಥ ಶ್ರಮ.

ಈಗ ಕ್ಯಾಮೆರಾ. ವಿಡಿಪಿಎಯುಇನ್ಫೊ ಎಂಬ ಸಣ್ಣ ಪ್ರೋಗ್ರಾಂ ಕಾರ್ಡಿನ ವಿಡಿಯೊ ಘಟಕಕ್ಕೆ ಏನೇನು ಬಿಡಿಸಲು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ. ಜಿಎಫ್119ರಲ್ಲಿ ಎಂಪೆಗ್-2, ವಿಸಿ-1, ಎಂಪೆಗ್-4, ಎಚ್.264 ಎಂಬ ವಿಡಿಯೊ ರೂಪಗಳಿವೆ. ಎಚ್.265 ಇಲ್ಲ, ವಿಪಿ9 ಇಲ್ಲ. ಈಚಿನ ಡಿವಿಆರ್‌ಗಳು (ಕ್ಯಾಮೆರಾ ರೆಕಾರ್ಡರ್‌ಗಳು) ಜಾಗ ಉಳಿಸಲು ಎಚ್.265ನ್ನೇ ಕಳಿಸುವುದುಂಟು, ಆಗ ಡ್ರೈವರ್ ಎಷ್ಟು ಸರಿಯಿದ್ದರೂ ಪ್ರೊಸೆಸರ್ ಮೇಲೆ ಭಾರ ಬಿದ್ದೇ ಬೀಳುತ್ತದೆ. ಡಿವಿಆರ್ ಸೆಟ್ಟಿಂಗ್‌ಗೆ ಹೋಗಿ ಪ್ರತಿ ಚಾನೆಲ್‌ಗೂ ಎಚ್.264 ಇಟ್ಟು, ‘ಪ್ಲಸ್’, ‘ಸ್ಮಾರ್ಟ್’ ಎಂಬ ಆಯ್ಕೆಗಳನ್ನು ತೆಗೆದೆವು. ಹಾರ್ಡ್‌ಡಿಸ್ಕ್ ಬೇಗ ತುಂಬುತ್ತದೆ, ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ನೋಡಲು ಎಂಪಿವಿ ಎಂಬ ಪ್ಲೇಯರ್; ಅದರ ಕಾನ್ಫ್ ಕಡತದಲ್ಲಿ ಎಚ್‌ಡಬ್ಲ್ಯುಡೆಕ್=ವಿಡಿಪಿಎಯು ಎಂಬ ಒಂದು ಸಾಲು. ಕಾರ್ಡಿನ ವಿಡಿಯೊ ಘಟಕವನ್ನು ಬಳಸುವ ದಾರಿಯೇ ಈ ವಿಡಿಪಿಎಯು. ಓಡುವಾಗ ‘ಐ’ ಒತ್ತಿದರೆ ವಿವರ ಬರುತ್ತದೆ, ಅದರಲ್ಲಿ ವಿಡಿಪಿಎಯು ಎಂದು ಕಾಣದಿದ್ದರೆ ಕಾರ್ಡು ಕೆಲಸಕ್ಕೆ ಬಂದಿಲ್ಲ. ವೇಬ್ರಿಡ್ಜ್ ಕ್ಯಾಮೆರಾಕ್ಕೆ ಮಾತ್ರ ಸ್ಪಷ್ಟ ಚಿತ್ರದ ಮೇನ್ ಸ್ಟ್ರೀಮ್, ಲಾರಿ ನಂಬರ್ ಓದಬೇಕಲ್ಲ. ಉಳಿದ ಮೂರು ಕ್ಯಾಮೆರಾಗಳಿಗೆ ಹಗುರವಾದ ಸಬ್ ಸ್ಟ್ರೀಮ್. ಇಷ್ಟಾದ ಮೇಲೆ ಕ್ಯಾಮೆರಾ ಓಡುತ್ತಿರುವಾಗಲೇ ಲೆಕ್ಕದ ಶೀಟು ತಡವರಿಸದೆ ತೆರೆಯಿತು.

ಯೂಟ್ಯೂಬ್ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ಫೈರ್‌ಫಾಕ್ಸ್ ವಿಡಿಪಿಎಯು ಬಳಸುವುದಿಲ್ಲ. 480ಕ್ಕೆ ಇಳಿಸಿ ನೋಡಬೇಕು.

ಚಿತ್ರ ಅಡ್ಡಕ್ಕೆ ಸೀಳಿದಂತೆ ಕಂಡರೆ ಎನ್ವಿಡಿಯಾ-ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಅಡ್ವಾನ್ಸ್ಡ್ ಒತ್ತಿ, ಎರಡೂ ಮಾನಿಟರ್‌ಗೆ ‘ಫೋರ್ಸ್ ಕಾಂಪೊಸಿಷನ್ ಪೈಪ್‌ಲೈನ್’ ಗುರುತು ಹಾಕಿ. ಉಳಿಸಲು ಆ ಪ್ರೋಗ್ರಾಂ ಅನ್ನು ಸುಡೊದಿಂದ ತೆರೆದಿರಬೇಕು. ಮಾನಿಟರ್‌ಗಳ ಎಡ-ಬಲ ಜಾಗವನ್ನೂ ಅಲ್ಲೇ ಇಡಿ, ಎಕ್ಸ್‌ಎಫ್‌ಸಿಇಯ ಡಿಸ್‌ಪ್ಲೇ ಕಿಟಕಿಯಲ್ಲಿ ಮತ್ತೆ ಮುಟ್ಟಿದರೆ ಈ ಗುರುತು ಅಳಿಸಿಹೋಗುತ್ತದೆ. ಸಸ್ಪೆಂಡ್ ಅನ್ನು ಪವರ್ ಮ್ಯಾನೇಜರಿನಲ್ಲಿ ಪೂರ್ತಿ ತೆಗೆದುಹಾಕಿದೆವು. ಹಳೆ ಡ್ರೈವರಿನಲ್ಲಿ ಎಚ್ಚರವಾದ ಮೇಲೆ ಪರದೆ ಕೆಡುವುದುಂಟು.

ಕೊನೆಗೆ ಅಪ್‌ಡೇಟ್. 5.15ರೊಳಗಿನ ಅಪ್‌ಡೇಟ್‌ಗಳನ್ನು ಧೈರ್ಯವಾಗಿ ತೆಗೆದುಕೊಳ್ಳಿ, ಪ್ರತಿ ಬಾರಿಯೂ ಡಿಕೆಎಂಎಸ್ ತಾನೇ ಕಟ್ಟಿಕೊಳ್ಳುತ್ತದೆ. ಅಪ್‌ಡೇಟ್ ಮ್ಯಾನೇಜರಿನ ಲಿನಕ್ಸ್ ಕರ್ನಲ್ಸ್ ಕಿಟಕಿಯಲ್ಲಿ 6ರ ಸಾಲನ್ನು ಮುಟ್ಟದಿದ್ದರೆ ಸಾಕು. ಹೊಸ ಕರ್ನಲ್ ಎಳೆದು ತರುವ ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-22.04 ಎಂಬ ಪ್ಯಾಕೇಜು ಇದ್ದರೆ ಅದನ್ನು ತೆಗೆದು ಲಿನಕ್ಸ್-ಜೆನೆರಿಕ್ ಇಡಿ. ಹಿಂದಿನ ಒಂದು ಕರ್ನಲ್ ಯಾವಾಗಲೂ ಉಳಿದಿರಲಿ, ಕೆಟ್ಟರೆ ಗ್ರಬ್‌ನ ಅಡ್ವಾನ್ಸ್ಡ್ ಆಯ್ಕೆಯಿಂದ ಅದರಲ್ಲಿ ಎದ್ದೇಳಬಹುದು. 390ಕ್ಕೆ ಎನ್ವಿಡಿಯಾ ಭದ್ರತಾ ತಿದ್ದುಪಡಿ ಕೊಡುವುದು 2022ರ ಕೊನೆಗೇ ನಿಂತಿದೆ. ಆದ್ದರಿಂದ ಬ್ಯಾಂಕ್ ವ್ಯವಹಾರ, ಜಿಎಸ್‌ಟಿ ಕೆಲಸ ಈ ಯಂತ್ರದಲ್ಲಿ ಬೇಡ ಎಂದು ಬೇರೆ ಲ್ಯಾಪ್‌ಟಾಪಿಗೆ ಬಿಡಿಸಿದೆವು.

ಇದೇ ದಾರಿಯಲ್ಲಿ ಜಿಟಿ 710ರಂಥ ಕೆಪ್ಲರ್ ಕಾರ್ಡಿಗೆ 470 ಹಾಕಬಹುದು, ಅದಕ್ಕೆ ಮಿಂಟ್ 21.3 ಅಥವಾ ಡೆಬಿಯನ್ 12 ಸಾಕು. ಜಿಫೋರ್ಸ್ 210, 8400 ಜಿಎಸ್ ಇದ್ದವರು 340ರ ಬೆನ್ನು ಹತ್ತುವುದು ಈಗ ಸಲ್ಲದು. ಬೆಂಬಲ ಮುಗಿದ ಡಿಸ್ಟ್ರೊಗೆ ಹಿಂತಿರುಗಬೇಕಾಗುತ್ತದೆ. ನೂವೊದಲ್ಲೇ ಇರಿ. ಇನ್ನೂ ಕಾರ್ಡು ಕೊಳ್ಳಬೇಕಿರುವವರು, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ರೇಡಿಯಾನ್ ಎಚ್‌ಡಿ 5450, 6450 ಅಥವಾ ಆರ್5 230 ಸಿಕ್ಕರೆ ಅದನ್ನೇ ಆರಿಸಿ. ಅವುಗಳ ಡ್ರೈವರ್ ಕರ್ನಲ್ ಒಳಗೇ ಇದೆ, ಕರ್ನಲ್ ಬದಲಾದರೆ ಅದೂ ಜೊತೆಗೇ ಬದಲಾಗುತ್ತದೆ, ಡಿಕೆಎಂಎಸ್ ಎಂಬ ಹೆಸರೇ ಬೇಕಿಲ್ಲ.